ನೂರರಲ್ಲಿ ಮೂವತ್ತೇಳನೆಯದು

ನನ್ನ ಗೆಳೆಯರೊಬ್ಬರ ಬಳಿ ಬ್ಯಾಟರಿಯಿಲ್ಲದೆ ಕೀಲಿಯ ಬಲದಿಂದ ನಡೆಯುವ ಹನ್ನೊಂದು ಮೆಕ್ಯಾನಿಕಲ್ ಕೈಗಡಿಯಾರಗಳಿವೆ. ಗಂಟೆ ಎಷ್ಟೆಂದು ಕೇಳಿದರೆ ಮಾತ್ರ ಅವರ ಕೈ ಜೇಬಿನಲ್ಲಿರುವ ಮೊಬೈಲಿಗೇ ಹೋಗುತ್ತದೆ. ಇದನ್ನು ಎತ್ತಿ ಆಡಿದರೆ ಅವರು ಸ್ವಲ್ಪವೂ ನೊಂದುಕೊಳ್ಳುವುದಿಲ್ಲ. "ಗಂಟೆ ನೋಡುವುದಕ್ಕೆಂದು ಯಾರು ಇವನ್ನು ಕೊಳ್ಳುತ್ತಾರೆ ಸ್ವಾಮಿ?" ಎಂದು ನನ್ನನ್ನೇ ಕೇಳುತ್ತಾರೆ.

ನಿಖರತೆಯ ಪಂದ್ಯದಲ್ಲಿ ಇವು ಸೋತು ಅರ್ಧ ಶತಮಾನ ದಾಟಿದೆ. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ, ಬ್ಯಾಟರಿಯ ಬಲದಿಂದ ಕಂಪಿಸುವ ಹರಳು ಸಮಯ ಅಳೆಯುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಇಂದು ಅಗ್ಗದ ಕ್ವಾರ್ಟ್ಜ್ ಗಡಿಯಾರದ ಹರಳೂ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತಿರುವಾಗ, ಗೆಳೆಯರ ಅಮೂಲ್ಯ ಯಂತ್ರಗಳು ಅದೇ ಸೆಕೆಂಡಿನಲ್ಲಿ ಆರೋ ಎಂಟೋ ಸಲ ಟಿಕ್ ಎನ್ನುತ್ತವೆ. ಇಂಥ ಯಂತ್ರಗಳ ನಿಖರತೆಯನ್ನು ಅಳೆಯುವ ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೋನೋಮೀಟರ್ ಪರೀಕ್ಷೆ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಬೀಳುವುದನ್ನೂ 6 ಸೆಕೆಂಡು ಮುಂದೆ ಓಡುವುದನ್ನೂ ಉದಾರವಾಗಿ ಮನ್ನಿಸುತ್ತದೆ.

ಇವುಗಳಲ್ಲಿಯೂ 'ಲಿಮಿಟೆಡ್ ಎಡಿಷನ್' ಎನಿಸಿಕೊಂಡವುಗಳ ಘನತೆಯೇ ಬೇರೆ. ಆದರೆ ಮಿತಿಯಲ್ಲಿ ಎರಡು ಬಗೆಯಿದೆ ಎಂದು ನನಗೆ ತೋರುತ್ತದೆ. ಸ್ವಿಟ್ಜರ್ಲೆಂಡಿನ ಜೂ ಕಣಿವೆಯ ಗಡಿಯಾರ ತಯಾರಕ ಫಿಲಿಪ್ ಡುಫೂರ್ ತಮ್ಮ 'ಸಿಂಪ್ಲಿಸಿಟಿ' ಗಡಿಯಾರವನ್ನು ಹೆಚ್ಚುಕಡಿಮೆ 200ರಷ್ಟೇ ಮಾಡಿದರೆಂದರೆ, ಅದು ಮನುಷ್ಯನ ಕಣ್ಣು, ಬೆರಳು, ಆಯುಸ್ಸುಗಳು ಎಳೆದ ಗೆರೆ. ಇನ್ನೊಂದು ಬಗೆಯ ಗೆರೆಯನ್ನು ಕಂಪನಿಯ ಸಭೆ ಎಳೆಯುತ್ತದೆ. ಕಾರ್ಟೂನ್ ನಾಯಿ ಸ್ನೂಪಿಯ ಚಿತ್ರವಿರುವ ಸ್ಪೀಡ್‌ಮಾಸ್ಟರ್ ಗಡಿಯಾರವನ್ನು ಒಮೆಗಾ ಕಂಪನಿ 2003ರಲ್ಲಿ 5,441ಕ್ಕೆ ಸೀಮಿತಗೊಳಿಸಿತು. ಗಗನಯಾತ್ರಿಗಳು ಸ್ಪೀಡ್‌ಮಾಸ್ಟರ್ ಕಟ್ಟಿಕೊಂಡು ಹೋಗಿದ್ದ ಅಪೋಲೋ 13ರ ಯಾನ ನಡೆದದ್ದು 142 ಗಂಟೆ 54 ನಿಮಿಷ 41 ಸೆಕೆಂಡು, ಅದರ ಕೊನೆಯ ನಾಲ್ಕು ಅಂಕಿಗಳಿವು. ಕಥೆ ಸೊಗಸಾಗಿದೆ, ನಿಜ. ಆದರೂ ಕೊಂಡವರೆಲ್ಲ ಒಂದೆಡೆ ಸೇರಿದರೆ ಜಾತ್ರೆಯೇ ಆದೀತು.

ಗೆಳೆಯರಿಗೆ ಎಲ್ಲಕ್ಕಿಂತ ಹೆಮ್ಮೆಯದು 100ರಲ್ಲಿ 37ನೆಯದು. ಬೆನ್ನಿನ ಗಾಜಿನ ಸುತ್ತಲಿನ ಲೋಹದಲ್ಲಿ ಆ ಸಂಖ್ಯೆಯನ್ನು ಕೊರೆದಿದ್ದಾರೆ. ಒಂದು ದಿನ ನಾಲ್ಕು ಸುತ್ತು ಕೀಲಿ ಕೊಟ್ಟು, ಭೂತಗನ್ನಡಿಯೊಂದಿಗೆ ನನ್ನ ಕೈಗಿತ್ತರು. ನೋಡಿದ ಮೇಲೆ ನನ್ನ ಗೇಲಿಯ ದನಿ ತುಸು ಇಳಿಯಿತೆಂದು ಒಪ್ಪಿಕೊಳ್ಳಬೇಕು. ಕೂದಲೆಳೆಯಂಥ ಸುರುಳಿ ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತಿತ್ತು. ಕೆಂಪು ಕಲ್ಲಿನ ಎರಡು ಪುಟ್ಟ ಚೂರುಗಳು ಚಕ್ರದ ಹಲ್ಲನ್ನು ಹಿಡಿಯುತ್ತಿದ್ದವು, ಬಿಡುತ್ತಿದ್ದವು, ಮತ್ತೆ ಹಿಡಿಯುತ್ತಿದ್ದವು. ತೆಳು ಪಟ್ಟಿಗಳ ಅಂಚುಗಳನ್ನೂ ಓರೆಯಾಗಿ ಅರೆದು, ತಿಕ್ಕಿ, ಕನ್ನಡಿಯಂತೆ ಮಾಡಿದ್ದರು. ಇಷ್ಟೆಲ್ಲ ಬೆಡಗು, ಆ ಸಂಖ್ಯೆಯ ಸಮೇತ, ಕೈಗೆ ಕಟ್ಟಿಕೊಂಡ ಕೂಡಲೇ ಚರ್ಮಕ್ಕೆ ಮುಖವೊತ್ತಿ ಮರೆಯಾಗುತ್ತದೆ.

ಕಟ್ಟಿಕೊಂಡರೆ ತಾನೆ! ಗೀರು ಬಿದ್ದೀತೆಂಬ ಭಯದಿಂದ ಅದು ಪೆಟ್ಟಿಗೆ ಬಿಟ್ಟು ಬರುವುದೇ ಅಪರೂಪ. ಕೈ ಆಡಿದಂತೆಲ್ಲ ತಾವೇ ಕೀಲಿ ತುಂಬಿಕೊಳ್ಳುವ ಗಡಿಯಾರಗಳಿಗಾಗಿ, ಅವನ್ನು ಮೆಲ್ಲನೆ ತಿರುಗಿಸುತ್ತಲೇ ಇರುವ ಬೇರೊಂದು ಪೆಟ್ಟಿಗೆಯಿದೆ: ಬ್ಯಾಟರಿಯ ಹಂಗಿಲ್ಲವೆಂದು ಬೀಗುವ ಗಡಿಯಾರಗಳನ್ನು ಕರೆಂಟಿನ ಮೋಟಾರು ಹಸುಗೂಸಿನಂತೆ ತೂಗುತ್ತದೆ. ಕೈಯಿಂದಲೇ ಕೀಲಿ ಕೊಡಬೇಕಾದ ಮೂವತ್ತೇಳನೆಯದಕ್ಕೆ ಆ ಭಾಗ್ಯವೂ ಇಲ್ಲ.

ಅದು ಪರ್ಪೆಚುವಲ್ ಕ್ಯಾಲೆಂಡರ್ ಗಡಿಯಾರ. ಯಾವ ತಿಂಗಳಿಗೆ ಎಷ್ಟು ದಿನ, ಈ ವರ್ಷದ ಫೆಬ್ರವರಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಎಂಬುದೆಲ್ಲ ನಾಲ್ಕು ವರ್ಷಕ್ಕೊಂದು ಸುತ್ತು ಬರುವ ಚಕ್ರದ ಅಂಚಿನ ತಗ್ಗುಗಳಲ್ಲಿ ಅಡಗಿದೆ. ನಿಲ್ಲದೆ ನಡೆದರೆ, ಲೆಕ್ಕಕ್ಕೆ ಬಂದರೂ ಅಧಿಕ ವರ್ಷವಲ್ಲದ 2100ರ ಫೆಬ್ರವರಿ ಮುಗಿಯುವವರೆಗೆ ತಾರೀಖನ್ನು ತಿದ್ದಬೇಕಿಲ್ಲ. ನನಗೆಂದು ಹೊರತೆಗೆದ ದಿನ ಅದು ಎರಡು ತಿಂಗಳ ಹಿಂದಿನ ಒಂದು ಮಂಗಳವಾರದಲ್ಲೇ ನಿಂತಿತ್ತು. ಪಕ್ಕದಲ್ಲಿರುವ ಚುಕ್ಕೆಯಂಥ ಗುಂಡಿಯನ್ನು ಕಡ್ಡಿಯಿಂದ ಒಮ್ಮೆ ಒತ್ತಿದರೆ ಒಂದು ದಿನ ಮುಂದೆ ಹೋಗುತ್ತದೆ; ಒಂದು ಒತ್ತು ಹೆಚ್ಚಾದರೆ ದಿನವನ್ನು ಹಿಂದಕ್ಕೆ ತರುವ ದಾರಿಯಿಲ್ಲ. ಅವರು ಉಸಿರು ಬಿಗಿಹಿಡಿದು ಒತ್ತುತ್ತ ಹೋದರು, ಎರಡು ತಿಂಗಳನ್ನು ಹತ್ತು ನಿಮಿಷದಲ್ಲಿ ದಾಟಿ, ಕೊನೆಯ ಒತ್ತಿಗೆ ಮುನ್ನ ಕಡ್ಡಿಯನ್ನು ಹಾಗೇ ಹಿಡಿದು ತಲೆಯೆತ್ತಿದರು.

"ಇವತ್ತು ಬುಧವಾರವೇ ತಾನೆ?"