ಸತ್ಯಾಂಶ: ಮೀಮ್‌ನಲ್ಲಿ ಕಾಣುವ ಆ 'ಪುಟ್ಟ ಹುಡುಗ' ಹುಡುಗನಲ್ಲ

ಕೆಣಕುವಂತೆ ನಗುವ, ಕಣ್ಣರಳಿಸಿ ನೋಡುವ ಒಬ್ಬ ಆಫ್ರಿಕನ್ 'ಹುಡುಗ'ನ ಸ್ಟಿಕ್ಕರ್ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರುತ್ತದೆ. ಆತ ಶಾಲೆಗೆ ಹೋಗುವ ಬಾಲನಟ ಎಂದೇ ಜಾಸ್ತಿ ಜನ ನಂಬಿದ್ದಾರೆ. ಅದು ನಿಜವಲ್ಲ.

ಅವರು ನೈಜೀರಿಯಾದ ನಟ ಒಸಿಟಾ ಇಹೆಮೆ. ಹುಟ್ಟಿದ್ದು 1982ರಲ್ಲಿ. ಅವರಿಗೆ ಹೆಸರು ತಂದ 'ಅಕಿ ನಾ ಉಕ್ವಾ' ಸಿನಿಮಾ 2002ರದ್ದು. ಆಗಲೇ ಅವರಿಗೆ ಸುಮಾರು ಇಪ್ಪತ್ತು ವರ್ಷ. ಎತ್ತರ ಕಡಿಮೆ, ಮುಖ ಎಳೆಯದು. ಹಾಗಾಗಿ ತುಂಟ ಹುಡುಗನ ಪಾತ್ರಗಳೇ ಸಾಲಾಗಿ ಬಂದವು. ಅವುಗಳನ್ನು ಅವರು ಎಷ್ಟು ಚೆನ್ನಾಗಿ ಮಾಡಿದರೆಂದರೆ, ನೋಡಿದವರಿಗೆ ವಯಸ್ಸಿನ ಅನುಮಾನವೇ ಬರುವುದಿಲ್ಲ. ಮಗುವಿನ ಹಟ, ಕಳ್ಳನೋಟ, ಸುಳ್ಳು ಅಳು ಎಲ್ಲವೂ ಪಳಗಿದ ನಟನೆ. ನನಗಂತೂ ಇದು ದೊಡ್ಡ ಪ್ರತಿಭೆ ಅನಿಸುತ್ತದೆ.

ಆ ಕಾಲದ ನೈಜೀರಿಯನ್ ಸಿನಿಮಾಗಳು ವಿಡಿಯೋದಲ್ಲೇ ಚಿತ್ರೀಕರಣವಾಗಿ, ಕ್ಯಾಸೆಟ್ ಮತ್ತು ಸಿಡಿಗಳಲ್ಲಿ ಮನೆಮನೆಗೆ ಹೋಗುತ್ತಿದ್ದವು. 2019ರ ಹೊತ್ತಿಗೆ ಅವುಗಳ ತುಣುಕುಗಳು ಟ್ವಿಟರ್‌ನಲ್ಲಿ ಹರಡಿ, ಲೋಕವೆಲ್ಲ ಸುತ್ತಿದವು. ಹೆಸರು ಮಾತ್ರ ಜೊತೆಗೆ ಬರಲಿಲ್ಲ. ಅದಕ್ಕೇ ಈ ಗೊಂದಲ ಅಲ್ವಾ?

ಆ ತುಣುಕುಗಳಲ್ಲಿ ಒಸಿಟಾ ಜೊತೆ ಕಾಣುವ ಇನ್ನೊಬ್ಬ 'ಹುಡುಗ' ನಟ ಚಿನೆಡು ಇಕೆಡಿಯೆಜೆ. ಅವರು ಹುಟ್ಟಿದ್ದು 1977ರಲ್ಲಿ, ಒಸಿಟಾ ಅವರಿಗಿಂತಲೂ ದೊಡ್ಡವರು. 2011ರಲ್ಲಿ ಆಗಿನ ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಇಬ್ಬರಿಗೂ ರಾಷ್ಟ್ರೀಯ ಗೌರವ ನೀಡಿದರು.