ಬರೆದವರ ಹೆಸರು ಎಲ್ಲಿ ಹೋಯ್ತು?

ನಾನಿರುವ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಟಾವೋಸ್ ಅಂತ ಒಂದು ಊರಿದೆ. ಒಣ ಗುಡ್ಡ, ಮಣ್ಣಿನ ಗೋಡೆ, ಮಟ್ಟಸವಾದ ಮಾಳಿಗೆ ಮನೆ. ಚಳಿಗಾಲದ ಹಿಮ ಒಂದು ಬಿಟ್ಟರೆ, ಕೊಪ್ಪಳದ ಕಡೆಯವರಿಗೆ ಜಾಸ್ತಿ ವಿವರಿಸಬೇಕಿಲ್ಲ.

1927ರಲ್ಲಿ ನಿಕೊಲಾಯ್ ಫೆಶಿನ್ ಎಂಬ ಚಿತ್ರಕಾರ ಅಲ್ಲಿ ಬಂದು ನೆಲೆಸಿದ. ರಷ್ಯಾದ ಕಜಾನಿನವನು, ಅಲ್ಲಿನ ಹೆಸರಾಂತ ಚಿತ್ರಕಾರ ಇಲ್ಯಾ ರೆಪಿನ್‌ನ ಶಿಷ್ಯ. 1923ರಲ್ಲಿ ಹೆಂಡತಿ, ಮಗಳ ಜೊತೆ ನ್ಯೂಯಾರ್ಕಿಗೆ ಬಂದಿದ್ದ. ಕ್ಷಯ ಹಿಡಿಯಿತು, ಒಣ ಹವೆ ಹುಡುಕಿಕೊಂಡು ಹೊರಟ. ನಮ್ಮಲ್ಲಿ ಒಣ ಹವೆ ಅಂದ್ರೆ ಜನ ಗುಳೆ ಹೋಗ್ತಾರೆ, ಈ ಪುಣ್ಯಾತ್ಮ ಅದಕ್ಕಾಗಿಯೇ ಗುಳೆ ಬಂದ!

ಸುತ್ತಲಿನ ಬಯಲು, ಮರ, ಹಳ್ಳಿಯವರ ಮುಖ ಬರೆದ. ಕಣ್ಣು, ತುಟಿ ಅಷ್ಟು ನಯ. ಅದೇ ಚಿತ್ರದಲ್ಲಿ ಅವರು ತೊಟ್ಟ ಬಟ್ಟೆಯನ್ನು ಹತ್ತಿರದಿಂದ ನೋಡಿದರೆ ಗೋಡೆಗೆ ಗಿಲಾವು ಮೆತ್ತಿದ ಹಾಗೆ ದಪ್ಪ ದಪ್ಪ ಬಣ್ಣ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮತ್ತೆ ಬಟ್ಟೆ. ಬಾಗಿಲು, ಕಂಬ ಎಲ್ಲಾ ತಾನೇ ಕೆತ್ತಿದ ಅವನ ಮನೆ ಈಗ ಮ್ಯೂಸಿಯಂ. ಆದರೆ ಎದುರಿಗೆ ಕೂತವರು? ಕೆಲವರ ಹೆಸರಿದೆ. ಉಳಿದವರು ಬರೀ ‘ಇಂಡಿಯನ್ ಹುಡುಗಿ’ (ಅಂದ್ರೆ ಅಮೆರಿಕದ ಮೂಲನಿವಾಸಿ ಹುಡುಗಿ) ಥರದ ಶೀರ್ಷಿಕೆಯಾಗಿದ್ದಾರೆ.

ನಮ್ಮಲ್ಲಿ ಪೂರ್ತಿ ಉಲ್ಟಾ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಹಳೇ ಮನೆಗಳ ಪಡಸಾಲೆಯಲ್ಲಿ ಪಟಕ ಸುತ್ತಿದ ಅಜ್ಜನ ಪೇಂಟಿಂಗ್ ನೋಡಿರ್ತೀರಿ. ಅಜ್ಜನ ಹೆಸರು, ಅವರಪ್ಪನ ಹೆಸರು, ಎಷ್ಟು ಎಕರೆ ಹೊಲ ಇತ್ತು, ಎಲ್ಲಾ ಹೇಳ್ತಾರೆ. ಬರೆದವರು ಯಾರು ಅಂದ್ರೆ, ‘ಯಾವನೋ ಬೋರ್ಡ್ ಬರಿಯಾವ ಇದ್ದ ರೀ’.

ಆ ಬೋರ್ಡ್ ಬರಿಯಾವ ಸಣ್ಣ ಫೋಟೋದ ಮೇಲೆ ಚೌಕ ಚೌಕ ಗೆರೆ ಎಳೆದು, ಅಷ್ಟೇ ಚೌಕಗಳನ್ನು ಬಟ್ಟೆಯ ಮೇಲೆ ದೊಡ್ಡದಾಗಿ ಎಳೆದು, ಒಂದೊಂದೇ ತುಂಬುತ್ತಿದ್ದ. ನಮ್ಮ ಮನೆಯ ಚಿತ್ರದಲ್ಲಿ ಅಜ್ಜನ ಕಿವಿಯ ಹತ್ತಿರ ಆ ಪೆನ್ಸಿಲ್ ಗೆರೆ ಇನ್ನೂ ಕಾಣುತ್ತದೆ. ಹಗಲು ಗೊಬ್ಬರದ ಅಂಗಡಿಯ ಬೋರ್ಡ್, ರಾತ್ರಿ ಅಜ್ಜನ ಮೀಸೆ. ಫ್ಲೆಕ್ಸ್ ಬಂತು, ಎರಡೂ ಹೋದವು.

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮರದ ಬಣ್ಣದ ಗೊಂಬೆ ಮಾಡುವ ಚಿತ್ರಗಾರರದ್ದೂ ಇದೇ ಕಥೆ. ಊರಿನ ಹೆಸರು ಎಲ್ಲರಿಗೂ ಗೊತ್ತು. ಹುಣಸೆ ಬೀಜದ ಅಂಟು ಕಲಸಿದ ಕೈ ಯಾರದು ಅಂತ ಮನೆಗೆ ಗೊಂಬೆ ಒಯ್ದವರು ಕೇಳುವುದಿಲ್ಲ.

‘ಹೆಸರಿನ ಹಂಗಿಲ್ಲದೆ ಬರೆಯೋದೇ ನಮ್ಮ ಸಂಸ್ಕೃತಿ’ ಅನ್ನುವವರಿದ್ದಾರೆ. ಸುಮ್ನೆ ಮಾತು. ಬರೆದವರು ಬೇಡ ಅಂದಿರಲಿಲ್ಲ, ನಾವು ಕೇಳಲಿಲ್ಲ ಅಷ್ಟೇ. ಹಾಗಂತ ಟಾವೋಸ್‌ನವರ ದಾರಿಯೂ ಪೂರ್ತಿ ಸರಿಯಿಲ್ಲ. ಕೂತವಳಿಗೂ ಒಂದು ಹೆಸರಿತ್ತು ಅಲ್ವಾ?

ಕುಂಚ ಹಿಡಿದಿದ್ದ ಆ ಕೈಗಳು ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇನ್ನೂ ಅಷ್ಟಿಷ್ಟು ಉಳಿದಿವೆ. ಸಂತೆಯಲ್ಲಿ ಮೆಣಸಿನಕಾಯಿ ಮಾರುವಾಕೆಯನ್ನು ದಿನದ ಕೂಲಿ ಕೊಟ್ಟು ಎದುರಿಗೆ ಕೂರಿಸಿ, ಅವರಿಂದ ಬರೆಸಿ. ಕೆಳಗೆ ಎರಡೂ ಹೆಸರು ಹಾಕಿ. ಜಿಲ್ಲೆಗೊಂದು ಕೋಣೆಯಲ್ಲಿ ಅವನ್ನು ತೂಗುಹಾಕಿ. ದುಡ್ಡು ಎಲ್ಲಿಂದ ಅಂತೀರಾ? ಒಬ್ಬ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸಿಗೆ ಸುರಿಯುವಷ್ಟರಲ್ಲಿ ಶುರು ಮಾಡಬಹುದು.