ಸುಡೋ ಅಂದರೆ ಸುಡುವುದಲ್ಲ

ಹೋದ ಮಳೆಗಾಲದಲ್ಲಿ ನಮ್ಮನೆ ಲ್ಯಾಪ್‌ಟಾಪಿಗೆ ಬೂಸಲು ಬಂತು. ಶಿರಸಿ ಸೀಮೆಯವರಿಗೆ ಇದೊಂದು ಸುದ್ದಿಯೇ ಅಲ್ಲ. ಆಷಾಢದಲ್ಲಿ ಇಲ್ಲಿ ಚಪ್ಪಲಿಗೆ ಬೂಸಲು ಬರುತ್ತದೆ, ಬೆಲ್ಟಿಗೆ ಬರುತ್ತದೆ, ಕಪಾಟಿನ ಮೂಲೆಯಲ್ಲಿಟ್ಟ ಧಾರೆ ಸೀರೆಗೂ ಬರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಬಚ್ಚಲ ಒಲೆಯ ಬಿಸಿ ತಾಗುವಷ್ಟು ದೂರದಲ್ಲಿ ಒಂದು ತಾಸು ಇಟ್ಟು ಗುಂಡಿ ಒತ್ತಿದೆ. ಚಾಲೂ ಆಯಿತು. ಅದು ಪೂರ್ತಿ ಕಣ್ಣು ಬಿಡುವಷ್ಟರಲ್ಲಿ ನಾನು ಎರಡು ತೆಂಗಿನಕಾಯಿ ತುರಿದು ಮುಗಿಸಿದ್ದೆ ಅನ್ನುವುದು ಬೇರೆ ಮಾತು.

ಇದು ಮಗ 2014ರಲ್ಲಿ ಕಾಲೇಜು ಸೇರುವಾಗ ತೆಗೆದುಕೊಂಡಿದ್ದು. ಅವನು ನೌಕರಿ ಹಿಡಿದು ಬೆಂಗಳೂರಿಗೆ ಹೋದ ಮೇಲೆ ಅವನ ಹಳೇ ಟೀಶರ್ಟುಗಳು ತೋಟದ ಕೆಲಸಕ್ಕೆಂದು ಅವನ ಅಪ್ಪನಿಗೆ ಬಂದವು, ಲ್ಯಾಪ್‌ಟಾಪು ನನಗೆ ಬಂತು. ನಾವು ಆರು ಜನ ಹೆಂಗಸರು ಸೇರಿ ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಹಚ್ಚುವವರು, ಲಟ್ಟಿಸುವವರು, ಒಣಗಿಸುವವರು ಬೇರೆ ಬೇರೆ. ನನ್ನ ಹಪ್ಪಳ ಯಾವತ್ತೂ ದುಂಡಗೆ ಬರುವುದಿಲ್ಲವಾದ್ದರಿಂದ ಲೆಕ್ಕ ಬರೆಯುವ ಕೆಲಸ ನನಗೆ ಬಿತ್ತು.

ಆ ದಿನಗಳಲ್ಲಿ ಪರದೆ ಮೇಲೆ ಒಂದು ಸೂಚನೆ ಪದೇ ಪದೇ ಬರುತ್ತಿತ್ತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಬೆಂಬಲ ಇಲ್ಲವಂತೆ. ಪೇಟೆಗೆ ಹೋದಾಗ ರಿಪೇರಿ ಅಂಗಡಿಯಲ್ಲಿ ತೋರಿಸಿದೆ. ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ, "ಅಕ್ಕಾ, ಇದಕ್ಕೆ ವಿಂಡೋಸ್ 11 ಹತ್ತೂದಿಲ್ಲ. ಟಿಪಿಎಂ 2.0 ಅನ್ನೋ ಭದ್ರತೆ ಚಿಪ್ ಬೇಕು, ಪ್ರೊಸೆಸರೂ ಹಳೇದಾತು" ಅಂದ. ಹೊಸತು ಎಷ್ಟಕ್ಕೆ ಬರುತ್ತದೆ ಎಂದು ಕೇಳಿದೆ. ಅವನು ಹೇಳಿದ ದುಡ್ಡನ್ನು ಮನಸ್ಸಿನಲ್ಲೇ ಹಪ್ಪಳದ ಕಟ್ಟಿಗೆ ಪರಿವರ್ತಿಸಿ, ಲ್ಯಾಪ್‌ಟಾಪನ್ನು ಚೀಲದೊಳಗೆ ಹಾಕಿಕೊಂಡು ಹುಲೇಕಲ್ ರಸ್ತೆಯ ಬಸ್ಸು ಹತ್ತಿದೆ.

ರಾತ್ರಿ ಮಗ ಫೋನಿನಲ್ಲಿ, "ಆಯಿ, ಲಿನಕ್ಸ್ ಹಾಕು. ಪುಕ್ಕಟೆ" ಎಂದ. ವಿಂಡೋಸಿನ ಹಾಗೆಯೇ ಲ್ಯಾಪ್‌ಟಾಪು ನಡೆಸುವ ಇನ್ನೊಂದು ತಂತ್ರಾಂಶವಂತೆ ಅದು. ಪುಕ್ಕಟೆ ಅಂದದ್ದೇ ನನಗೆ ಅನುಮಾನ. ಯಾರು ಮಾಡಿದ್ದು, ಯಾಕೆ ಪುಕ್ಕಟೆ ಕೊಡುತ್ತಾರೆ ಎಂದೆಲ್ಲ ಕೇಳಿದೆ. ಅವನು ಅರ್ಧ ತಾಸು ಹೇಳಿದ್ದು ನನ್ನ ತಲೆಗೆ ಹೋದದ್ದು ಹೀಗೆ.

ನಮ್ಮ ಕಡೆ ಅಪ್ಪೆಮಿಡಿ ಇದೆಯಲ್ಲ, ಅದೇ ಕಥೆ. ಹೊಳೆದಂಡೆಯಲ್ಲಿ ಯಾರೂ ನೆಡದ ಒಂದು ಮರ ಒಳ್ಳೇ ಮಿಡಿ ಬಿಡುತ್ತದೆ. ಒಬ್ಬ ಅದರ ಕುಡಿ ತಂದು ಕಸಿ ಕಟ್ಟುತ್ತಾನೆ, ಅವನಿಂದ ಇನ್ನೊಬ್ಬ ಒಯ್ಯುತ್ತಾನೆ, ಕಡೆಗೆ ಆ ಜಾತಿಗೇ ಅನಂತಭಟ್ಟನ ಅಪ್ಪೆ ಎಂದು ಹೆಸರು ನಿಲ್ಲುತ್ತದೆ. ಕುಡಿ ಕೇಳಿದವರಿಗೆ ಇಲ್ಲವೆಂದವರನ್ನು ನಾನಂತೂ ನೋಡಿಲ್ಲ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ಹುಡುಗ, ಸುಮ್ಮನೆ ಹವ್ಯಾಸಕ್ಕೆ ಮಾಡುತ್ತಿದ್ದೇನೆ ಎನ್ನುತ್ತ ಲಿನಕ್ಸಿನ ಬೇರು ಊರಿದ. 1993ರಲ್ಲಿ ಇಯಾನ್ ಮರ್ಡಾಕ್ ಅನ್ನುವವನು ಅದರ ಮೇಲೆ ಡೆಬಿಯನ್ ಕಟ್ಟಿದ. ಗೆಳತಿ ಡೆಬ್ರಾ ಹೆಸರಿಗೆ ತನ್ನ ಹೆಸರು ಜೋಡಿಸಿ ಇಟ್ಟ ಹೆಸರಂತೆ. ಡೆಬಿಯನ್ ಮೇಲೆ 2004ರಲ್ಲಿ ಉಬುಂಟು ಕಸಿಯಾಯಿತು, ಉಬುಂಟು ಮೇಲೆ 2006ರಲ್ಲಿ ಮಿಂಟ್. ಮಗ ನನಗೆ ಹೇಳಿದ್ದು ಉಬುಂಟು 24.04. ಅದು ಅಂಕಿಯಲ್ಲ, 2024ರ 4ನೇ ತಿಂಗಳು ಎಂದರ್ಥ. ನಮ್ಮ ಹಪ್ಪಳದ ಕಟ್ಟಿನ ಮೇಲೆ ಹಾಕಿದಂತೆ ತಯಾರಾದ ತಿಂಗಳನ್ನೇ ಹಾಕಿದ್ದಾರಲ್ಲ ಎಂದು ನನಗೆ ಅಲ್ಲಿಂದ ಸ್ವಲ್ಪ ವಿಶ್ವಾಸ ಬಂತು.

ಪ್ರತಿ ಆವೃತ್ತಿಗೂ ಒಂದು ಪ್ರಾಣಿಯ ಹೆಸರಿಡುತ್ತಾರೆ. ಇದರದ್ದು ನೋಬಲ್ ನಂಬ್ಯಾಟ್. ನಂಬ್ಯಾಟ್ ಅಂದರೆ ಆಸ್ಟ್ರೇಲಿಯಾದ ಒಂದು ಸಣ್ಣ ಪ್ರಾಣಿ, ಒರಲೆ ತಿಂದು ಬದುಕುತ್ತದೆ. ಮನೆಯ ಜಂತಿಗೆ ಒರಲೆ ಹಿಡಿದು ಒದ್ದಾಡುತ್ತಿರುವ ನಮಗೆ ಇದಕ್ಕಿಂತ ಶುಭಶಕುನ ಬೇಕೆ? ನಮ್ಮನೆಯವರು ಮಾತ್ರ ಕವಳ ಮೆಲ್ಲುತ್ತ, "ಹೆಸರಲ್ಲೇ ನಂಬ್ಯಾಡ ಹೇಳಿ ಇದ್ದಲೇ" ಎಂದರು.

ಆರು ಜಿಬಿ ಹತ್ತಿರದ ಆ ಉಬುಂಟು ಫೈಲು ಇಳಿಯಲು ಮೂರು ದಿನ ಬೇಕಾಯಿತು. ನಡುವೆ ಒಮ್ಮೆ ಅಕೇಶಿಯಾ ಮರ ತಂತಿಯ ಮೇಲೆ ಬಿತ್ತು, ಒಮ್ಮೆ ಮರ ಬೀಳದೆಯೇ ಹೋಯಿತು. ಇಳಿದ ಮೇಲೆ ಪೆನ್‌ಡ್ರೈವಿಗೆ ಹಾಕಬೇಕು. ನನ್ನ ಹತ್ತಿರ ಇದ್ದದ್ದು ಯಾರದೋ ಮದುವೆ ಫೋಟೊ ತುಂಬಿಕೊಟ್ಟ 4 ಜಿಬಿಯದು, ಸಾಲದು. ಮನೆಯಲ್ಲಿ ಇನ್ನೊಂದು ಪೆನ್‌ಡ್ರೈವ್ ಎಲ್ಲಿರಬಹುದು ಎಂದು ಹುಡುಕಿದಾಗ ಕವಳದ ತಬಕಿನಲ್ಲಿ, ಸುಣ್ಣದ ಡಬ್ಬಿಯ ಪಕ್ಕ, ಕರೀದೊಂದು ಸಿಕ್ಕಿತು. 32 ಜಿಬಿ. ಹಾಕಿ ನೋಡಿದರೆ ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’, ‘ನ್ಯೂ ಫೋಲ್ಡರ್ 3’. ಮುಖ್ಯವಾದದ್ದಕ್ಕೆ ಯಾರಾದರೂ ಇಂಥ ಹೆಸರಿಡುತ್ತಾರೆಯೇ? ಈ ಪ್ರಶ್ನೆಯನ್ನು ಆಗ ನನ್ನನ್ನು ನಾನೇ ಕೇಳಿಕೊಂಡು ನಾನೇ ಉತ್ತರಿಸಿಕೊಂಡದ್ದು ತಪ್ಪಾಯಿತು.

ಫೈಲನ್ನು ಎಳೆದು ಅದರೊಳಗೆ ಬಿಟ್ಟೆ. ಜಾಗ ಇದ್ದರೂ ಹೋಗಲಿಲ್ಲ, ಫೈಲು ದೊಡ್ಡದಾಯಿತು ಎಂದಿತು. ಹಳೇ ಪದ್ಧತಿಯ ಪೆನ್‌ಡ್ರೈವಿನಲ್ಲಿ ಒಂದೊಂದು ಫೈಲೂ 4 ಜಿಬಿಗಿಂತ ಸಣ್ಣದಿರಬೇಕಂತೆ. ಹಂಡೆ ಎಷ್ಟು ದೊಡ್ಡದಿದ್ದರೇನು, ಬಾಯಿ ಸಣ್ಣದು. ಮಗನಿಗೆ ಫೋನು. ಅವನು ನಕ್ಕ. "ಆಯಿ, ಕಾಪಿ ಮಾಡದಲ್ಲ, ಬರ್ನ್ ಮಾಡವು." ಪೆನ್‌ಡ್ರೈವಿನಿಂದಲೇ ಲ್ಯಾಪ್‌ಟಾಪು ಶುರುವಾಗುವ ಹಾಗೆ ಫೈಲನ್ನು ಬರೆಯುವುದಂತೆ, ಅದಕ್ಕೆ ರುಫಸ್ ಎಂಬ ಪುಟ್ಟ ತಂತ್ರಾಂಶ ಇದೆ. ಅದನ್ನು ತೆರೆದರೆ, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಮರ್ಯಾದೆಯಿಂದಲೇ ಕೇಳಿತು. ಆಗಬಹುದು ಎಂದೆ.

ಲ್ಯಾಪ್‌ಟಾಪು ಶುರುವಾಗುವಾಗ ಎಫ್12 ಒತ್ತಬೇಕಂತೆ, ಕೆಲವದರಲ್ಲಿ ಎಫ್2, ಇನ್ನು ಕೆಲವದರಲ್ಲಿ ಎಸ್ಕೇಪ್. ಮೂರನ್ನೂ ಒಟ್ಟಿಗೆ ಹಾರ್ಮೋನಿಯಂ ಒತ್ತಿದಂತೆ ಒತ್ತಿದೆ. ಯಾವುದೋ ಒಂದು ಕೆಲಸ ಮಾಡಿತು. ಹೊಸ ಪರದೆ ಬಂತು, ಬಣ್ಣ ಚೆನ್ನಾಗಿತ್ತು. ‘ಟ್ರೈ ಉಬುಂಟು’ ಎಂದು ಕೇಳಿದ್ದಕ್ಕೆ ಹೂಂ ಎಂದೆ. ಆಫೀಸು ತಂತ್ರಾಂಶ ಸಹ ಒಳಗೇ ಇತ್ತು. ಇಷ್ಟು ಸುಲಭಕ್ಕೆ ಮಗ ಇಂಜಿನಿಯರಿಂಗ್ ಯಾಕೆ ಓದಬೇಕಿತ್ತು ಅಂದುಕೊಂಡು, ಶ್ರಾವಣಕ್ಕೆ ಬಂದ ಹಪ್ಪಳದ ಬೇಡಿಕೆಯನ್ನೆಲ್ಲ ಕೂತು ಬರೆದೆ. 47 ಗಿರಾಕಿಗಳು, ಅವರ ಊರು, ಎಷ್ಟು ಕಟ್ಟು, ಖಾರದ್ದೋ ಸಪ್ಪೆಯೋ. ಉಳಿಸಿಯೂ ಇಟ್ಟೆ, ಬೇಕಾದರೆ ಅತ್ತೆಯನ್ನೇ ಕೇಳಿ, ‘ಸೇವ್ ಮಾಡಿದೆ’ ಎಂದು ಗಟ್ಟಿಯಾಗಿ ಹೇಳಿಯೇ ಮಾಡಿದ್ದೆ. ಅಷ್ಟರಲ್ಲಿ ಗಾಳಿ ಬಂತು, ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ತೀರಿಕೊಂಡು ಎರಡು ವರ್ಷ.

ಕರೆಂಟು ಬಂದ ಮೇಲೆ ನೋಡಿದರೆ ಪರದೆ ಸಗಣಿ ಹಾಕಿ ಸಾರಿಸಿದ ಅಂಗಳದಷ್ಟು ಚೊಕ್ಕಟವಾಗಿತ್ತು. 47 ಗಿರಾಕಿಗಳಲ್ಲಿ ಒಬ್ಬರೂ ಇಲ್ಲ. ‘ಟ್ರೈ’ ಎಂದರೆ ರುಚಿ ನೋಡಲಿಕ್ಕೆ ಅಂಗೈಗೆ ಹಾಕಿದ್ದು, ಎಲೆಗೆ ಬಡಿಸಿದ್ದಲ್ಲ. ಅದು ಲ್ಯಾಪ್‌ಟಾಪಿನ ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ, ರ‍್ಯಾಮಿನಲ್ಲಿ ಓಡುತ್ತದೆ. ಆರಿಸಿದರೆ ಆರಿತು. ಇದನ್ನು ಮಗ ಮೊದಲೇ ಹೇಳಿದ್ದನಂತೆ. ಹೇಳಿರಬಹುದು, ಆ ಹೊತ್ತಿಗೆ ಒಲೆ ಮೇಲೆ ಹಾಲಿತ್ತು.

ಮರುದಿನ ಎಲೆಗೇ ಬಡಿಸಿಕೊಂಡೆ. ಇನ್‌ಸ್ಟಾಲ್ ಆಗಲು ಒಂದು ತಾಸೂ ಬೇಕಾಗಲಿಲ್ಲ. ಎಲ್ಲ ಸರಿ, ವೈಫೈ ಇಲ್ಲ. ಹುಡುಕಿದರೆ ಗೊತ್ತಾಯಿತು, ಒಳಗಿನ ವೈಫೈ ಚಿಪ್ಪನ್ನು ನಡೆಸುವ ಡ್ರೈವರು ಮುಕ್ತ ತಂತ್ರಾಂಶ ಅಲ್ಲವಾದ್ದರಿಂದ ಬೇರೆ ತರಿಸಿಕೊಳ್ಳಬೇಕು. ಎಲ್ಲಿಂದ? ಇಂಟರ್ನೆಟ್ಟಿನಿಂದ. ಇಂಟರ್ನೆಟ್ಟು ಬರಲು? ವೈಫೈ ಬೇಕು. ಬಾವಿಗೆ ಬಿದ್ದ ಕೊಡಪಾನ ಎತ್ತುವ ಪಾತಾಳಗರಡಿಯೂ ಅದೇ ಬಾವಿಯಲ್ಲಿ ಬಿದ್ದಿದ್ದರೆ ಏನು ಮಾಡುತ್ತೀರಿ? ಮೊಬೈಲನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಎನ್ನುವುದನ್ನು ಒತ್ತಿದರೆ, ಮನೆಯದೇ ವೈಫೈ ಮೊಬೈಲಿನ ಮೂಲಕ ಲ್ಯಾಪ್‌ಟಾಪಿಗೆ ಬರುತ್ತದೆ. ಇದನ್ನು ಕಂಡುಹಿಡಿಯಲು ನನಗೆ ಎರಡು ದಿನ ಹಿಡಿಯಿತು, ಇಲ್ಲಿ ಒಂದೇ ಸಾಲಿನಲ್ಲಿ ಬರೆದುಬಿಟ್ಟೆ.

ಡ್ರೈವರ್ ಹಾಕುವುದಕ್ಕೆ, ಬರೆದೇ ಅಪ್ಪಣೆ ಕೊಡುವ ಟರ್ಮಿನಲ್ ತೆರೆಯಬೇಕಾಯಿತು. ಕರಿ ಕಿಟಕಿ, ಒಂದು ಮಿಣುಕು, ಬೇರೇನಿಲ್ಲ. ಮಗ ಫೋನಿನಲ್ಲಿ ಹೇಳುವುದು, ನಾನು ಗಟ್ಟಿಯಾಗಿ ತಿರುಗಿ ಹೇಳುತ್ತ ಬರೆಯುವುದು.

"ಸುಡೋ."

"ಸುಡೋ."

"ಆಪ್ಟ್ ಅಪ್‌ಡೇಟ್."

ಮತ್ತೆ "ಸುಡೋ". ಮತ್ತೆ "ಸುಡೋ". ಅಡುಗೆಮನೆಯಿಂದ ಅತ್ತೆ ಬಂದರು. 83 ವರ್ಷ, ಕಿವಿ ಚುರುಕು. ಬಾಗಿಲಲ್ಲಿ ನಿಂತು ಮೂಗು ಎಳೆದು ನೋಡಿದರು. "ಎಂತ ಸುಡ್ತಾ ಇದ್ದೆ ಕೂಸೆ? ವಾಸ್ನೆ ಬತ್ತಿಲ್ಲೆ."

ಈ ಗಣಕಯಂತ್ರದಲ್ಲಿ ದೊಡ್ಡ ಕೆಲಸ ಮಾಡುವಾಗ ಯಜಮಾನನ ಅಪ್ಪಣೆ ಬೇಕು, ಸುಡೋ ಎಂದರೆ ಯಜಮಾನನಾಗಿ ಮಾತಾಡುತ್ತಿದ್ದೇನೆ ಎಂದರ್ಥ ಎಂದು ವಿವರಿಸಿದೆ. "ಯಜಮಾನ್ರು ತೋಟಕ್ಕೆ ಹೋಯ್ದ" ಎಂದು ಅವರು ಒಳಗೆ ಹೋದರು.

ಅಪ್ಪಣೆಗೆ ಪಾಸ್‌ವರ್ಡ್ ಕೇಳಿತು. ಒತ್ತಿದರೆ ಪರದೆ ಮೇಲೆ ಏನೂ ಮೂಡುವುದಿಲ್ಲ. ಅಕ್ಷರ ಬೇಡ, ಚುಕ್ಕಿಯೂ ಇಲ್ಲ. ಕೀಲಿಮಣೆಗೆ ಬೂಸಲು ಒಳಗಿನಿಂದ ಹತ್ತಿದೆ ಎಂದು ಒಂದೊಂದೇ ಕೀಲಿಯನ್ನು ಅವಲಕ್ಕಿ ಕುಟ್ಟಿದಂತೆ ಕುಟ್ಟಿದೆ. ಅದು ಹಾಗೆಯೇ ಇರುವುದು, ಪಾಸ್‌ವರ್ಡ್ ಎಷ್ಟು ಉದ್ದ ಎಂದೂ ಹಿಂದೆ ನಿಂತವರಿಗೆ ಗೊತ್ತಾಗಬಾರದು ಎಂದು ಮಗ ಹೇಳಿದ. ನನ್ನ ಹಿಂದೆ ನಿಂತದ್ದು ಬೆಕ್ಕು. ಸರಿ, ಕಣ್ಣು ಮುಚ್ಚಿ ಬರೆದೆ, ತಪ್ಪು ಎಂದಿತು. ಮೂರು ಸಲವೂ ತಪ್ಪಾಗಿ ಹೊರಗೆ ಹಾಕಿತು. ಬೆಳಿಗ್ಗೆ ಸೆಟ್ಟಿಂಗ್‌ನಲ್ಲಿ ನಮ್ಮ ಕಗಪ ಕೀಲಿಮಣೆ ವಿನ್ಯಾಸ ಸಿಕ್ಕಿತೆಂದು ಖುಷಿಯಲ್ಲಿ ಹಾಕಿಕೊಂಡಿದ್ದೆ. ಪಾಸ್‌ವರ್ಡು ಅಷ್ಟು ಹೊತ್ತೂ ಅಚ್ಚಗನ್ನಡದಲ್ಲಿ, ಕಾಣದಂತೆ, ಹೋಗುತ್ತಿತ್ತು.

ವೈಫೈ ಬಂದಮೇಲೆ ಹಳೇ ಲೆಕ್ಕ ತೆರೆದೆ. ಅದನ್ನು ಮೊದಲೇ ಮಗನಿಗೆ ಮೇಲ್ ಮಾಡಿಟ್ಟಿದ್ದೆ, ಅಷ್ಟು ಬುದ್ಧಿ ಇತ್ತು. ತೆರೆದರೆ ಕನ್ನಡವೇ ಇಲ್ಲ. ಎಲ್ಲ ಕಡೆ ತಲೆಯ ಮೇಲೆ ಗೆರೆ ಇಟ್ಟ ಇಂಗ್ಲಿಷ್ ಅಕ್ಷರ, ಕಾಲುಭಾಗ, ಅರ್ಧಭಾಗದ ಗುರುತು. ಅದನ್ನು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಪದ್ಧತಿಗಿಂತ ಹಿಂದಿನ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಬರೆದಿದ್ದೆ. ಅದರಲ್ಲಿ ಕನ್ನಡ ಅನ್ನುವುದು ಅಕ್ಷರದ ವೇಷ ಮಾತ್ರ, ಒಳಗೆ ಇಂಗ್ಲಿಷ್ ಸಂಕೇತಗಳೇ. ಆ ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ‘ಪ’ ಇದ್ದಲ್ಲೆಲ್ಲ ಜಪಾನಿನ ಯೆನ್ ಗುರುತು ಬಂದು ಕೂತಿತ್ತು. ಹಪ್ಪಳದ ಲೆಕ್ಕದಲ್ಲಿ ‘ಪ’ಕ್ಕೆ ಬರವೆ? ಹಪ್ಪಳ, ಉಪ್ಪು, ಸಪ್ಪೆ, ಪಾವತಿ. ಪುಟದ ತುಂಬ ಯೆನ್. ಕವಳ ಹಾಕಲು ಬಂದ ನಮ್ಮನೆಯವರು ಬಗ್ಗಿ ನೋಡಿ, "ಜಪಾನಿಗೆ ಹಪ್ಪಳ ಕಳಿಸ್ತಾ ಇದ್ದೆ ಹೇಳಿ ಗೊತ್ತಿತ್ತಿಲ್ಲೆ" ಎಂದರು. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶದಲ್ಲಿ ಹಾಕಿ ತೆಗೆದಮೇಲೆ ಹಪ್ಪಳ ಊರಿಗೆ ವಾಪಸು ಬಂತು.

ನಗುತ್ತಲೇ ತಬಕಿಗೆ ಕೈ ಹಾಕಿದವರು ಸುಣ್ಣದ ಡಬ್ಬಿ ಎತ್ತಿದರು, ಅದರ ಕೆಳಗೆ ನೋಡಿದರು, ತಬಕನ್ನೇ ಎತ್ತಿ ನೋಡಿದರು. "ಯನ್ನ ಪೆನ್‌ಡ್ರೈವ್ ಎಲ್ಲೋತೇ?"

ಹತ್ತು ಮಳೆಗಾಲದ ತಾಳಮದ್ದಳೆ. ಭಾಗವತರ ಪಕ್ಕ ಮೊಬೈಲ್ ಇಟ್ಟು ರಾತ್ರಿಯಿಡೀ ಕೂತು ಹಿಡಿದದ್ದು. ಈಗ ಇಲ್ಲದ ಅರ್ಥಧಾರಿಗಳ ದನಿಯೂ ಅದರಲ್ಲಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ಅಪ್ಪೆಹುಳಿಯನ್ನು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಮಗ ಈ ಸಲ ನಗಲಿಲ್ಲ. ಆ ಪೆನ್‌ಡ್ರೈವನ್ನು ಯಾರೂ ಮುಟ್ಟಬೇಡಿ, ಅದಕ್ಕೆ ಇನ್ನೇನೂ ಬರೆಯಬೇಡಿ ಎಂದ. ಉಬುಂಟು ಆರು ಜಿಬಿ ಜಾಗದ ಮೇಲೆ ಕೂತಿದೆ, ಅದರಡಿ ಸಿಕ್ಕಿದ್ದು ಹೋಯಿತು. ಉಳಿದದ್ದರ ಹೆಸರುಪಟ್ಟಿ ಅಳಿಸಿದೆಯೇ ಹೊರತು ಧ್ವನಿ ಅಲ್ಲೇ ಬಿದ್ದಿರುತ್ತದೆ. ಹುಡುಕಲು ಫೋಟೊರೆಕ್ ಎಂಬ ತಂತ್ರಾಂಶ ಇದೆ, ಅದೂ ಪುಕ್ಕಟೆ. "ಬರಿ ಆಯಿ. ಸುಡೋ." ಈ ಸಲ ಪಾಸ್‌ವರ್ಡನ್ನು ಒಂದೇ ಏಟಿಗೆ ಬರೆದೆ.

ಕರಿ ಕಿಟಕಿಯಲ್ಲಿ ಅಂಕಿ ಏರತೊಡಗಿತು. 3 ಸಿಕ್ಕಿತು, 11 ಸಿಕ್ಕಿತು, 40. ನಮ್ಮನೆಯವರು ಅಡಿಕೆ ದರ ನೋಡುವಾಗಲೂ ಅಷ್ಟು ಬಗ್ಗಿ ನೋಡಿದ್ದಿಲ್ಲ. ಮಧ್ಯಾಹ್ನದ ಹೊತ್ತಿಗೆ ನೂರು ದಾಟಿತು. ಹೆಸರು ಮಾತ್ರ ಒಂದಕ್ಕೂ ಇಲ್ಲ, ಎಫ್ ಅಕ್ಷರ, ಮುಂದೆ ಉದ್ದದ ಸಂಖ್ಯೆ. ಯಾವುದು ಯಾವ ಊರಿನದು, ಯಾರ ಅರ್ಥ ಎಂದು ಕೇಳಿಯೇ ಗುರುತಿಸಬೇಕು.

ಅಂದಿನಿಂದ ಊಟವಾದ ಮೇಲೆ ಜಗಲಿಯಲ್ಲಿ ಇದೇ ಕೆಲಸ. ಅವರು ನೋಟ್‌ಬುಕ್ಕು ಹಿಡಿದು ಕೂರುತ್ತಾರೆ, ನಾನು ಒಂದೊಂದೇ ಒತ್ತುತ್ತೇನೆ. ಅತ್ತೆ ಒಳಗಿನಿಂದಲೇ ದನಿ ಕೇಳಿ ಹೆಸರು ಹೇಳುತ್ತಾರೆ, ಅವರದ್ದು ತಪ್ಪುವುದಿಲ್ಲ. ಸಂಧಾನಕ್ಕೆ ಹೊರಟ ಕೃಷ್ಣ ಅರ್ಧ ದಾರಿಯಲ್ಲಿ ನಿಂತಿದ್ದಾನೆ, ಉಳಿದರ್ಧ ಉಬುಂಟು ಅಡಿಯಲ್ಲಿ ಹೋಗಿರಬೇಕು.

ಮೊನ್ನೆ ಒಂದು ಫೈಲು ಒತ್ತಿದೆ. ಚಂಡೆ ಇಲ್ಲ, ಮದ್ದಳೆ ಇಲ್ಲ. ಒಂದು ದನಿ ಕರ್ಣನ ಅರ್ಥ ಹೇಳುತ್ತಿದೆ, ಎರಡು ಮಾತಿಗೊಮ್ಮೆ ತಡೆದು, ಮತ್ತೆ ಮೊದಲಿನಿಂದ. ಕವಚ ಕುಂಡಲ ಕೊಡುವ ಹೊತ್ತಿಗೆ ಹಿಂದಿನಿಂದ ಆಕಳು ಕೂಗಿತು. ಕರ್ಣ, "ತಡೆಯೇ, ಹುಲ್ಲು ಹಾಕ್ತಿ" ಎಂದ.

ಫೋಟೊರೆಕ್ ಹಿಂದೆಂದೋ ಅಳಿಸಿದ್ದನ್ನೂ ಎತ್ತಿ ತರುತ್ತದೆ ಎಂದು ಮಗ ಹೇಳಿದ್ದು ಆಗ ನೆನಪಾಯಿತು. ನಮ್ಮನೆಯವರು ನೋಟ್‌ಬುಕ್ಕು ಬಿಟ್ಟು ಎದ್ದು ಲ್ಯಾಪ್‌ಟಾಪಿನ ಮೇಲೆ ಕೈ ಆಡಿಸಿದರು. ಯಾವ ಗುಂಡಿ ಒತ್ತಿದರೂ ಕರ್ಣ ನಿಲ್ಲಲಿಲ್ಲ.

"ಸುಡೇ ಮಾರಾಯ್ತಿ ಅದ್ನ!"

ಒಳಗಿನಿಂದ ಅತ್ತೆಯ ದನಿ ಬಂತು. "ಯಾರದು ಹೊಸ ಅರ್ಥಧಾರಿ? ಇನ್ನೊಂದ್ಸಲ ಹಾಕು ಕೂಸೆ."